ಪ್ರಚಾರದ ನಡುವೆ ಚಕ್ರವರ್ತಿ: ಲಂಡನ್ ಆತಿಥ್ಯಕ್ಕೆ ಬೆಂಗಳೂರಿನಿಂದ ಅಂಕ

ಪ್ರಶ್ನೆ: ಚುನಾವಣೆ ಹೊತ್ತಿನಲ್ಲಿ ದೊರೆಯ ಭೇಟಿ ನಡೆಸಬೇಕೆ, ಮುಗಿಯುವವರೆಗೆ ಮುಂದೂಡಬೇಕೆ?
ಸೇವೆ: ಚುನಾವಣೆ ಘೋಷಣೆಯಾದರೂ ಮುಂದೂಡದೆ ನಡೆಸಿದ ರಾಜಮನೆತನದ ಅಧಿಕೃತ ಭೇಟಿ
ಒದಗಿಸಿದವರು: ಬಕಿಂಗ್‌ಹ್ಯಾಮ್ ಅರಮನೆ
ಅತಿಥಿಗಳು: ಜಪಾನಿನ ಚಕ್ರವರ್ತಿ ನರುಹಿಟೊ, ಸಾಮ್ರಾಜ್ಞಿ ಮಸಾಕೊ
ದಿನಾಂಕ: 2024ರ ಜೂನ್ 25ರಿಂದ 27
ಅಂಕ: 5ಕ್ಕೆ 4. ಇದನ್ನೇ ಇದ್ದ ಹಾಗೆ ಬೆಂಗಳೂರಿಗೆ ತಂದರೆ 2. ಬಿಚ್ಚಿ, ಕೆಲವು ಭಾಗ ಬದಲಿಸಿ ಜೋಡಿಸಿದರೆ ಮೂರೂವರೆ.

ಬೆಂಗಳೂರಿನ ಅಳಿಯ, ಆಗಿನ ಬ್ರಿಟನ್ ಪ್ರಧಾನಿ ರಿಷಿ ಸುನಕ್ ಮೇ 22ರಂದು ಮಳೆಯಲ್ಲಿ ತೊಯ್ಯುತ್ತಲೇ ಚುನಾವಣೆ ಘೋಷಿಸಿದರು. ಮತದಾನ ಜುಲೈ 4ಕ್ಕೆ. ಜನರ ಗಮನ ಪ್ರಚಾರದಿಂದ ಬೇರೆಡೆಗೆ ಹೋಗಬಾರದೆಂದು ಅರಮನೆ ತನ್ನ ಹಲವು ಕಾರ್ಯಕ್ರಮಗಳನ್ನು ಮುಂದೂಡಿತು. ನಾರ್ಮಂಡಿ ದಾಳಿಯ 80ನೇ ವರ್ಷದ ಸ್ಮರಣೆ ಮತ್ತು ಜಪಾನ್ ಚಕ್ರವರ್ತಿಯ ಭೇಟಿಯನ್ನು ಉಳಿಸಿಕೊಂಡಿತು. ಈ ಭೇಟಿ ನಿಜಕ್ಕೆ 2020ರಲ್ಲೇ ಆಗಬೇಕಿತ್ತು, ಕೋವಿಡ್ ಬಂದು ತಪ್ಪಿತು. ಒಮ್ಮೆ ಕರೆದು ಬೇಡವೆಂದ ನೆಂಟರಿಗೆ ಎರಡನೇ ಸಲವೂ ಬೇಡವೆನ್ನುವುದು ಯಾವ ಮನೆಗೂ ಶೋಭೆಯಲ್ಲ. ಮುಂದೂಡಿದರೆ ಏನಾಗುತ್ತದೆಂಬ ಅನುಭವವೂ ಅವರಿಗಿತ್ತು. 2023ರ ಮಾರ್ಚ್‌ನಲ್ಲಿ ಪಿಂಚಣಿ ಗಲಾಟೆಯಿಂದ ಚಾರ್ಲ್ಸ್ ದೊರೆಯ ಫ್ರಾನ್ಸ್ ಭೇಟಿ ನಿಂತುಹೋಗಿ, ಮತ್ತೆ ದಿನ ಕೂಡಿಬಂದದ್ದು ಸೆಪ್ಟೆಂಬರ್‌ಗೆ.

ಹಾಗಾದರೆ ನಡೆಸಿದ್ದು ಹೇಗೆ? ಅಧಿಕೃತ ಭೇಟಿಯೆಂದರೆ ಒಂದೇ ಗಂಟಲ್ಲ, ಎರಡು ಗಂಟು. ಮೊದಲನೆಯದು ಸಿಂಹಾಸನದ್ದು: ಹಾರ್ಸ್ ಗಾರ್ಡ್ಸ್ ಮೈದಾನದಲ್ಲಿ ಸ್ವಾಗತ, ಸಾರೋಟಿನ ಮೆರವಣಿಗೆ, ಔತಣಕೂಟ, ಪದಕ ವಿನಿಮಯ, ವಿಂಡ್ಸರ್‌ನಲ್ಲಿ ಎಲಿಜಬೆತ್ ರಾಣಿಯ ಸಮಾಧಿಗೆ ಹೂವು. ಎರಡನೆಯದು ಸರ್ಕಾರದ್ದು: ಪ್ರಧಾನಿ ನಿವಾಸದಲ್ಲಿ ಮಾತುಕತೆ, ಸಂಸತ್ತಿನಲ್ಲಿ ಭಾಷಣ, ಒಪ್ಪಂದಕ್ಕೆ ಸಹಿ ಹಾಕುವ ಫೋಟೊ. ಲಂಡನ್ ಮಾಡಿದ್ದಿಷ್ಟೇ, ಎರಡನೇ ಗಂಟನ್ನು ಬಿಚ್ಚಿ ಪಕ್ಕಕ್ಕಿಟ್ಟಿತು. ಸಂಸತ್ತು ಮೇ 30ಕ್ಕೇ ವಿಸರ್ಜನೆಯಾಗಿದ್ದರಿಂದ ಭಾಷಣದ ಪ್ರಶ್ನೆಯೇ ಇರಲಿಲ್ಲ. ಪ್ರಧಾನಿ ನಿವಾಸವಿರುವ ಡೌನಿಂಗ್ ಸ್ಟ್ರೀಟ್‌ನ ವಾಡಿಕೆಯ ಭೇಟಿಯನ್ನು ಕೈಬಿಟ್ಟರು.

ಬಿಟ್ಟ ಜಾಗಕ್ಕೆ ತುಂಬಿದ್ದು ಇನ್ನೂ ಜಾಣತನದ ಕೆಲಸ. ನರುಹಿಟೊ 1983ರಿಂದ 85ರವರೆಗೆ ಆಕ್ಸ್‌ಫರ್ಡ್‌ನ ಮೆರ್ಟನ್ ಕಾಲೇಜಿನಲ್ಲಿದ್ದು, 18ನೇ ಶತಮಾನದಲ್ಲಿ ಥೇಮ್ಸ್ ನದಿಯ ಮೇಲಿನ ಸಾಗಾಟದ ಬಗ್ಗೆ ಅಧ್ಯಯನ ಮಾಡಿದವರು. ಅವರನ್ನು ಥೇಮ್ಸ್ ಪ್ರವಾಹ ತಡೆಗೋಡೆಗೆ ಕರೆದೊಯ್ದರು, ಕ್ರಿಕ್ ಜೀವವಿಜ್ಞಾನ ಸಂಸ್ಥೆ ತೋರಿಸಿದರು, ಕೊನೆಗೆ ಅವರ ಹಳೆಯ ಆಕ್ಸ್‌ಫರ್ಡ್‌ಗೆ ಬೀಳ್ಕೊಟ್ಟರು. ನದಿ, ಪ್ರಯೋಗಾಲಯ, ಕಾಲೇಜು: ಮೂರರಲ್ಲೂ ಯಾವ ಪಕ್ಷದ ಪ್ರಣಾಳಿಕೆಯೂ ಇಲ್ಲ. ಔತಣದ ಭಾಷಣದಲ್ಲಿ ದೊರೆ ಜಪಾನಿನ ಬೊಂಬೆ ಪಾತ್ರ ಹಲೋ ಕಿಟ್ಟಿಯ 50ನೇ ಹುಟ್ಟುಹಬ್ಬ ನೆನೆದರು. ಬೊಂಬೆ ಬೆಕ್ಕಿನಿಂದ ಮತ ಕದಲುವುದಿಲ್ಲ.

ಒಂದು ಅಂಕ ಕಳೆದದ್ದಕ್ಕೆ ಕಾರಣವಿದೆ. ಇಂಥ ಭೇಟಿಗೆ ಆಹ್ವಾನ ಹೋಗುವುದೇ ಸರ್ಕಾರದ ಸಲಹೆಯ ಮೇರೆಗೆ, ಆದ್ದರಿಂದ ಗಂಟು ಪೂರ್ತಿ ಬೇರೆಯಾಗುವುದಿಲ್ಲ. ಸಮಯವೂ ಬಿಗಿ: ಔತಣದ ರಾತ್ರಿಗೂ ಮತದಾನಕ್ಕೂ ಒಂಬತ್ತೇ ದಿನ, ಅಂಚೆ ಮತಪತ್ರಗಳು ಅಷ್ಟರಲ್ಲಾಗಲೇ ಜನರ ಕೈಸೇರಿದ್ದವು. ಹದಿನೈದು ದಿನ ಹಿಂದೆ ಇಟ್ಟುಕೊಂಡಿದ್ದರೆ ಪೂರ್ತಿ ಅಂಕ ಕೊಡಬಹುದಿತ್ತು.

ಈಗ ನಮ್ಮೂರಿಗೆ ಬರೋಣ. ಚುನಾವಣೆ ಮುಗಿಯುವವರೆಗೆ ಯಾವ ದೊರೆಯೂ ಬೇಡ ಎನ್ನುವುದು ಬ್ರಿಟನ್ನಿಗೆ ಅಗ್ಗದ ಮಾತು, ಅಲ್ಲಿ ಕಾಯಬೇಕಿದ್ದದ್ದು 43 ದಿನ. ಇಲ್ಲಿ 2024ರಲ್ಲಿ ಮಾದರಿ ನೀತಿ ಸಂಹಿತೆ ಮಾರ್ಚ್ 16ಕ್ಕೆ ಜಾರಿಯಾಗಿ ಜೂನ್ 6ಕ್ಕೆ ತೆರವಾಯಿತು, ಏಳು ಹಂತ, 80ಕ್ಕೂ ಹೆಚ್ಚು ದಿನ. ಅದರ ಹಿಂದಿನ ವರ್ಷ ಇದೇ ಹೊತ್ತಿಗೆ ವಿಧಾನಸಭೆಯದ್ದು. ನಡುವೆ ಉಪಚುನಾವಣೆಗಳು ಬೇರೆ. ಚುನಾವಣೆ ಇಲ್ಲದ ಮುಹೂರ್ತಕ್ಕೆ ಕಾಯುತ್ತ ಕೂತರೆ ಪಂಚಾಂಗದಲ್ಲಿ ದಿನವೇ ಸಿಗುವುದಿಲ್ಲ. ಹಾಗಾಗಿ ನಮ್ಮ ಮತ ನಡೆಯಲಿ ಎಂಬುದಕ್ಕೇ, ಆದರೆ ಲಂಡನ್ನಿನ ನಕಲಾಗಿ ಅಲ್ಲ.

ಇಲ್ಲಿ ಕೆಡುವುದು ಎಲ್ಲಿ ಅಂದರೆ, ಎರಡು ಗಂಟನ್ನೂ ಹೊರುವ ಕೈ ಒಂದೇ. ದೆಹಲಿಯಲ್ಲಿ ಆತಿಥೇಯರು ರಾಷ್ಟ್ರಪತಿ, ಅಲ್ಲಿ ತೊಡಕು ಕಡಿಮೆ. ಅತಿಥಿ ಬೆಂಗಳೂರಿಗೆ ಬಂದಾಗ ವಿಮಾನದ ಮೆಟ್ಟಿಲ ಬಳಿ ಹಾರ ಹಿಡಿದು ನಿಲ್ಲುವವರು ಸಚಿವರು, ಊಟ ಹಾಕಿಸುವವರು ಮುಖ್ಯಮಂತ್ರಿ. ಅವರೇ ಮರುದಿನ ರೋಡ್ ಶೋದಲ್ಲಿ ತೆರೆದ ವಾಹನ ಹತ್ತುವವರು. ಅಧಿಕೃತ ಪ್ರವಾಸವನ್ನೂ ಪ್ರಚಾರವನ್ನೂ ಬೆರೆಸಬಾರದೆಂದು ನೀತಿ ಸಂಹಿತೆ ನೇರವಾಗಿಯೇ ಹೇಳುತ್ತದೆ. ಊಟದ ವಿಚಾರದಲ್ಲೂ ಚುನಾವಣಾ ಆಯೋಗದ ನಿಲುವು ಸ್ಪಷ್ಟ: ಸಚಿವರು ಸರ್ಕಾರಿ ಖರ್ಚಿನಲ್ಲಿ ಇಫ್ತಾರ್‌ನಂಥ ಕೂಟ ಏರ್ಪಡಿಸುವಂತಿಲ್ಲ, ಸ್ವಂತ ಖರ್ಚಲ್ಲಿ ಸ್ವಂತ ಮನೆಯಲ್ಲಾದರೆ ಅಡ್ಡಿಯಿಲ್ಲ. ಅದೇ ಅಳತೆಗೋಲು ದೊರೆಯ ಔತಣಕ್ಕೂ ಬರುತ್ತದೆ. ಆದ್ದರಿಂದ ಊಟ ರಾಜಭವನದಲ್ಲಿ, ಆಹ್ವಾನ ಪತ್ರಿಕೆ ರಾಜ್ಯಪಾಲರ ಹೆಸರಿನಲ್ಲಿ. ಮುಖ್ಯಮಂತ್ರಿ ಬರಲಿ, ವಿರೋಧ ಪಕ್ಷದ ನಾಯಕರೂ ಬರಲಿ, ಇಬ್ಬರ ಕುರ್ಚಿಯೂ ಒಂದೇ ಸಾಲಿನಲ್ಲಿರಲಿ, ಮೈಕು ಇಬ್ಬರಿಗೂ ಬೇಡ. ವಿಮಾನ ನಿಲ್ದಾಣಕ್ಕೆ ಮುಖ್ಯ ಕಾರ್ಯದರ್ಶಿ, ಪೊಲೀಸ್ ಮಹಾನಿರ್ದೇಶಕರು ಹೋದರೆ ಸಾಕು.

ಫ್ಲೆಕ್ಸ್ ಎಂಬ ಮಾರಿಯ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು. ಚುನಾವಣೆ ಘೋಷಣೆಯಾದೊಡನೆ ಸರ್ಕಾರಿ ಆಸ್ತಿಯ ಮೇಲಿನ ಪ್ರಚಾರ ಸಾಮಗ್ರಿ 24 ಗಂಟೆಯಲ್ಲಿ, ಸಾರ್ವಜನಿಕ ಜಾಗದ್ದು 48ರಲ್ಲಿ, ಖಾಸಗಿ ಆಸ್ತಿಯಲ್ಲಿ ಅನುಮತಿಯಿಲ್ಲದೆ ಹಾಕಿದ್ದು 72 ಗಂಟೆಯಲ್ಲಿ ತೆರವಾಗಬೇಕು. ದೊರೆಯ ಸ್ವಾಗತದ ನೆಪದಲ್ಲಿ ಅವೆಲ್ಲ ವಾಪಸ್ ಬರುತ್ತವೆ. ನಡುವೆ ಅಂಚೆಚೀಟಿ ಗಾತ್ರದ ದೊರೆ, ಸುತ್ತ ಕೈಮುಗಿದ ಹನ್ನೆರಡು ಸ್ಥಳೀಯ ಮುಖಂಡರು. ಎರಡು ದೇಶದ ಬಾವುಟ, ಅತಿಥಿಯ ಚಿತ್ರ, ಕನ್ನಡದಲ್ಲಿ ಸ್ವಾಗತ, ಇಷ್ಟರ ಹೊರತು ಬೇರೇನೂ ಇರಕೂಡದು. ಪತ್ರಿಕೆಗಳಿಗೆ ಪೂರ್ಣ ಪುಟದ ಸರ್ಕಾರಿ ಜಾಹೀರಾತಂತೂ ಬೇಡವೇ ಬೇಡ. ಮೀರಿದವರ ಮೇಲೆ ಆಯೋಗದ ದೂರು ಆ್ಯಪ್ ಸಿ-ವಿಜಿಲ್‌ನಲ್ಲಿ ಸ್ಥಳದಿಂದಲೇ ಫೋಟೊ ಅಥವಾ ಎರಡು ನಿಮಿಷದ ವಿಡಿಯೊ ಕಳಿಸಬಹುದು, ಕ್ರಮಕ್ಕೆ ಇಟ್ಟುಕೊಂಡ ಗಡುವು 100 ನಿಮಿಷ. ಗ್ಯಾಲರಿಯಲ್ಲಿರುವ ಹಳೆಯ ಫೋಟೊ ಅದು ತೆಗೆದುಕೊಳ್ಳುವುದಿಲ್ಲ, ಅಲ್ಲೇ ನಿಂತು ತೆಗೆಯಬೇಕು.

ಒಪ್ಪಂದಗಳ ವಿಷಯ ಚಿಕ್ಕದು. ತುರ್ತಿದ್ದರೆ ಮುಖ್ಯ ಕಾರ್ಯದರ್ಶಿ ನೇತೃತ್ವದ ಪರಿಶೀಲನಾ ಸಮಿತಿಯ ಮೂಲಕ ಆಯೋಗಕ್ಕೆ ಕಡತ ಹೋಗಲಿ, ಇಲ್ಲದಿದ್ದರೆ ಫಲಿತಾಂಶದ ನಂತರ.

ಬಂದೋಬಸ್ತು ಮಾತ್ರ ಚಿಕ್ಕದಲ್ಲ. ಬೆಂಗಳೂರು 2024ರಲ್ಲಿ ಮತ ಹಾಕಿದ್ದು ಏಪ್ರಿಲ್ 26ಕ್ಕೆ. ಅದರ ಮುಂಚಿನ ವಾರ ದೊರೆ ಬಂದರೆ ಪೊಲೀಸರು ಮತಗಟ್ಟೆ ಕೆಲಸದಲ್ಲಿ, ಬಿಎಂಟಿಸಿ ಬಸ್ಸು ಸಿಬ್ಬಂದಿ ಸಾಗಿಸಲು, ಮೇಷ್ಟ್ರುಗಳು ತರಬೇತಿಯಲ್ಲಿ, ಶಾಲೆಗಳೇ ಮತಗಟ್ಟೆ. ಬಾವುಟ ಹಿಡಿದ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಆಸೆಯನ್ನು ಅಲ್ಲೇ ಬಿಡಬೇಕು. ಮತದಾನ ಮುಗಿಯುವ ಹಿಂದಿನ 48 ಗಂಟೆ ಬಹಿರಂಗ ಪ್ರಚಾರವೂ ಇಲ್ಲ, ಮದ್ಯವೂ ಇಲ್ಲ. ಆ ಅವಧಿಯಲ್ಲಿ ಔತಣವಾದರೆ ದೊರೆಯ ಆರೋಗ್ಯ ಹಾರೈಸಿ ಎತ್ತುವ ಲೋಟದಲ್ಲಿ ಎಳನೀರು. (ಕೆಟ್ಟ ಆಯ್ಕೆಯೇನಲ್ಲ, ಮದ್ದೂರು ಹತ್ತಿರದಲ್ಲೇ ಇದೆ.) ಮತದಾನ ಆದಮೇಲೆ ಬಂದರೂ ಸಲೀಸಲ್ಲ. ಆ ವರ್ಷ ಬೆಂಗಳೂರು ಸೆಂಟ್ರಲ್ ಕ್ಷೇತ್ರದ ಎಣಿಕೆ ಕೇಂದ್ರ ಮೌಂಟ್ ಕಾರ್ಮೆಲ್ ಕಾಲೇಜು, ಅದಿರುವುದು ಅರಮನೆ ರಸ್ತೆಯಲ್ಲಿ. ಜೂನ್ 4ರವರೆಗೂ ಅಲ್ಲಿ ಮತಯಂತ್ರ ಇಟ್ಟ ಸ್ಟ್ರಾಂಗ್ ರೂಮಿಗೆ ಕಾವಲು. ಮೇಖ್ರಿ ವೃತ್ತದಿಂದ ರಾಜಭವನಕ್ಕೆ ವಾಹನಸಾಲು ತರುವ ಅಧಿಕಾರಿ ಆ ಕಾವಲನ್ನು ಸಡಿಲಿಸುವ ಹಾಗಿಲ್ಲ, ಅದರ ಮುಂದೆ ಗಾಡಿ ನಿಲ್ಲಿಸುವ ಹಾಗೂ ಇಲ್ಲ. ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಸಿ ದೊಮ್ಮಲೂರು, ಟ್ರಿನಿಟಿ, ಎಂ.ಜಿ. ರಸ್ತೆ ಮಾರ್ಗವಾಗಿ ತರುವುದೇ ಲೇಸು. ದೇವನಹಳ್ಳಿಯಿಂದ ಬಳ್ಳಾರಿ ರಸ್ತೆ ಹಿಡಿಯುವುದಕ್ಕಿಂತ ದೂರವೂ ಕಡಿಮೆ, ಹೆಬ್ಬಾಳದ ಕಾಟವೂ ಇಲ್ಲ.

ಕಾರ್ಯಕ್ರಮಕ್ಕೆ ನಮ್ಮಲ್ಲೂ ಥೇಮ್ಸ್‌ಗೆ ಸಮಾನವಾದದ್ದಕ್ಕೆ ಬರವಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ ಒಂದು ಬೆಳಗಿಗೆ, ಲಾಲ್‌ಬಾಗ್ ಒಂದು ಸಂಜೆಗೆ. 1961ರಲ್ಲಿ ಬಂದ ಎಲಿಜಬೆತ್ ರಾಣಿ ಲಾಲ್‌ಬಾಗ್‌ನಲ್ಲಿ ನೆಟ್ಟದ್ದು ಅರಾಕೇರಿಯಾ ಸಸಿ, ನಮ್ಮ ಜನ ಕ್ರಿಸ್‌ಮಸ್ ಮರ ಅನ್ನುತ್ತಾರಲ್ಲ, ಅದು. ಅಂಥ ಕಡೆ ತೋಟಗಾರಿಕೆ ಇಲಾಖೆಯ ನಿರ್ದೇಶಕರು ಗುದ್ದಲಿ ಕೊಡಲಿ, ಸಚಿವರಲ್ಲ. ಉಡುಗೊರೆಗೆ ಚನ್ನಪಟ್ಟಣದ ಬೊಂಬೆ ಚೆನ್ನ, ಆದರೆ ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಯಾರ ಹೆಸರಿದೆ ಎಂದು ಹಿಂದಿನ ದಿನವೇ ನೋಡಿಕೊಳ್ಳಬೇಕು.

ಇಷ್ಟೆಲ್ಲ ಬೇಡವೆನ್ನುವವರಿಗೆ ಅಗ್ಗದ ಮಾದರಿಯೊಂದು ಇಲ್ಲೇ ಆಗಿಹೋಗಿದೆ. 2024ರ ಅಕ್ಟೋಬರ್ ಕೊನೆಯಲ್ಲಿ ಚಾರ್ಲ್ಸ್ ದೊರೆ, ಕಮಿಲಾ ರಾಣಿ ವೈಟ್‌ಫೀಲ್ಡ್ ಆಚೆಯ ಸಮೇತನಹಳ್ಳಿಯ ಸೌಖ್ಯ ಆರೋಗ್ಯ ಕೇಂದ್ರದಲ್ಲಿ ಕೆಲವು ದಿನ ಇದ್ದು ಹೋದರು. ಆಗ ಚನ್ನಪಟ್ಟಣ, ಶಿಗ್ಗಾವಿ, ಸಂಡೂರು ಉಪಚುನಾವಣೆಯ ಪ್ರಚಾರ ಕಾವೇರಿತ್ತು, ಮತದಾನ ನವೆಂಬರ್ 13ಕ್ಕೆ. ಖಾಸಗಿ ಭೇಟಿ, ವೇದಿಕೆಯಿಲ್ಲ, ಹಾರವಿಲ್ಲ. ಊರಿನ ಬಹುಪಾಲು ಜನಕ್ಕೆ ಸುದ್ದಿ ತಿಳಿಯುವ ಹೊತ್ತಿಗೆ ದೊರೆ ಊರು ಬಿಡುವ ಸಮಯವಾಗಿತ್ತು.