780 ನ್ಯಾನೋಮೀಟರಿನ ಲಿಟ್ರೋ ಲೇಸರ್: ಯಾರಿಗೆ ಸಾಕು, ಯಾರಿಗೆ ಸಾಲದು

ಲಿಟ್ರೋ ವಿನ್ಯಾಸದ (ಗ್ರೇಟಿಂಗ್ ಎಂಬ ಗೀರುಫಲಕ ಒಂದು ಬಣ್ಣವನ್ನು ಆಯ್ದು ಡಯೋಡಿಗೇ ಮರಳಿಸುವ) ಟ್ಯೂನಬಲ್, ಅಂದರೆ ಬಣ್ಣ ಸರಿಸಬಲ್ಲ, ಡಯೋಡ್ ಲೇಸರ್‌ಗಳ ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಹತ್ತಾರು ನ್ಯಾನೋಮೀಟರ್ ಟ್ಯೂನಿಂಗ್. ಅದಕ್ಕೆ ಮರುಳಾಗಬೇಡಿ. ಗ್ರೇಟಿಂಗಿನ ಸ್ಕ್ರೂ ತಿರುಗಿಸಿ, ಒಂದು ಮೋಡಿನಿಂದ (ಲೇಸರ್ ನಿಲ್ಲಬಲ್ಲ ಆವರ್ತನದಿಂದ) ಇನ್ನೊಂದಕ್ಕೆ ಜಿಗಿಯುತ್ತ ತಲುಪುವ ವ್ಯಾಪ್ತಿ ಅದು. ಕೇಳಬೇಕಾದದ್ದು ಜಿಗಿಯದೆ ಎಷ್ಟು ದೂರ ಸರಿಯುತ್ತದೆ ಎಂದು. 20 ಗಿಗಾಹರ್ಟ್ಜ್ ಸಿಕ್ಕರೆ ರುಬಿಡಿಯಮ್‌ನ 780.24 ನ್ಯಾನೋಮೀಟರ್ ರೇಖೆಗಳೆಲ್ಲ ಒಂದೇ ಸ್ಕ್ಯಾನಿನಲ್ಲಿ ಬರುತ್ತವೆ.

ಕ್ಯಾವಿಟಿ, ಅಂದರೆ ಡಯೋಡಿಗೂ ಗ್ರೇಟಿಂಗಿಗೂ ನಡುವೆ ಬೆಳಕು ಓಡಾಡುವ ಜಾಗ, 20 ಮಿಲಿಮೀಟರ್ ಇದ್ದರೆ ಮೋಡ್‌ಗಳ ಅಂತರ 7.5 ಗಿಗಾಹರ್ಟ್ಜ್. ಗ್ರೇಟಿಂಗನ್ನು ವೋಲ್ಟೇಜಿನಿಂದ ಕದಲಿಸುವ ಪೀಜೋ ಒಂದನ್ನೇ ಓಡಿಸಿದರೆ ಸಾಮಾನ್ಯವಾಗಿ ಅಷ್ಟರೊಳಗೇ ಜಿಗಿತ. ಪೀಜೋ ಜೊತೆಗೆ ಡಯೋಡ್ ಕರೆಂಟನ್ನೂ ಸರಿಸುವ ಫೀಡ್‌ಫಾರ್ವರ್ಡ್ ಇಲ್ಲದ ಕಂಟ್ರೋಲರ್ ಅಗ್ಗಕ್ಕೆ ಸಿಕ್ಕರೂ ಬೇಡ. ಹೊಂದಿಸುವಾಗ ಮೊದಲು ತಾಪಮಾನ ನಿಲ್ಲಲಿ, ಆಮೇಲೆ ಕರೆಂಟ್. ಸ್ಕ್ಯಾನ್ ಹಾಕಿ ಫ್ಯಾಬ್ರಿ-ಪೆರೋ (ಸಮ ಅಂತರದ ಆವರ್ತನಗಳನ್ನಷ್ಟೇ ದಾಟಿಸುವ ಜೋಡಿ ಕನ್ನಡಿ) ಶಿಖರಗಳನ್ನು ಆಸಿಲೋಸ್ಕೋಪಿನಲ್ಲಿ ನೋಡುತ್ತ ಫೀಡ್‌ಫಾರ್ವರ್ಡ್ ನಾಬ್ ತಿರುಗಿಸಿ. ಶಿಖರಗಳ ಸಾಲು ಮಧ್ಯೆ ತುಂಡಾಗದಿದ್ದರೆ ಸರಿ.

ಸೀಲ್ ಮಾಡಿದ ಕ್ಯಾವಿಟಿಗೆ ಹೆಚ್ಚು ಹಣ ಕೊಡುವುದು ದಂಡವಲ್ಲ. ತೆರೆದ ಕ್ಯಾವಿಟಿಯಲ್ಲಿ ಗಾಳಿಯ ಒತ್ತಡ ಒಂದು ಹೆಕ್ಟೊಪಾಸ್ಕಲ್ ಬದಲಾದರೆ ಆವರ್ತನ ಸುಮಾರು 100 ಮೆಗಾಹರ್ಟ್ಜ್ ಸರಿಯುತ್ತದೆ. ರುಬಿಡಿಯಮ್ ರೇಖೆಯ ಸಹಜ ಅಗಲವೇ 6 ಮೆಗಾಹರ್ಟ್ಜ್. ಬಾಗಿಲು ತೆರೆದು ಮುಚ್ಚಿದರೂ ಲೇಸರನ್ನು ರೇಖೆಗೆ ಕಟ್ಟಿಹಾಕುವ ಲಾಕ್ ಒದ್ದಾಡೀತು.

ಬಹುಪಾಲು ಜನ ಕಡೆಗಣಿಸುವ ದೋಷ ಎಎಸ್‌ಇ, ಅಂದರೆ ಡಯೋಡ್ ತನ್ನ ಗೆರೆಯ ಸುತ್ತ ಚೆಲ್ಲುವ ಅಗಲವಾದ ಮಸುಕು ಬೆಳಕು. ಪರಮಾಣು ತಂಪಾಗಿಸುವವರಿಗೆ ಅದು ಅಷ್ಟಾಗಿ ತಟ್ಟದು. ಒಂಟಿ ಫೋಟಾನ್ ಎಣಿಸುವವರಿಗೆ ಅದೇ ಮಾರಕ: 780ರಲ್ಲಿ ಒಂದು ಪಿಕೋವ್ಯಾಟ್ ಎಂದರೆ ಸೆಕೆಂಡಿಗೆ ಸುಮಾರು 39 ಲಕ್ಷ ಫೋಟಾನ್. ಸಂಗ್ರಹ ಫಿಲ್ಟರಿನ ಕಿಂಡಿಯಲ್ಲೇ ಅದು ನುಸುಳಿದರೆ ಜಿ2 (ಎರಡು ಫೋಟಾನ್ ಒಟ್ಟಿಗೆ ಬರುವ ಸಾಧ್ಯತೆಯ ಅಳತೆ) ಶೂನ್ಯದತ್ತ ಇಳಿಯುವುದೇ ಇಲ್ಲ, ಪಾಪ ಸ್ಯಾಂಪಲ್ ಬೈಗುಳ ತಿನ್ನುತ್ತದೆ. ಲೇಸರಿನ ಮುಂದೆ ತೀರ ಕಿರಿದಾದ ಬಣ್ಣಪಟ್ಟಿಯನ್ನಷ್ಟೇ ಆಯುವ ವಾಲ್ಯೂಮ್ ಬ್ರ್ಯಾಗ್ ಗ್ರೇಟಿಂಗ್ ಇಟ್ಟು, ನಂತರ ಸಿಂಗಲ್ ಮೋಡ್ ಫೈಬರಿಗೆ ಕಳಿಸಿ.

ಬೆಳಕನ್ನು ಲೇಸರಿಗೆ ಹಿಂದಿರುಗಲು ಬಿಡದ ಐಸೊಲೇಟರ್ 30 ಡೆಸಿಬಲ್ ಸಾಲದು, 60ರದ್ದು ಹಾಕಿ. ಫೈಬರ್ ತುದಿ 8 ಡಿಗ್ರಿ ಓರೆ ಪಾಲಿಶಿನದ್ದಾಗಿರಲಿ. ಚಪ್ಪಟೆ ತುದಿಯಿಂದ ಮರಳುವ ಬೆಳಕೇ ಮೋಡ್ ಕೆಡಿಸುತ್ತದೆ.

ರುಬಿಡಿಯಮ್ ಮೆಮೊರಿ (ಫೋಟಾನಿನ ಸ್ಥಿತಿಯನ್ನು ಪರಮಾಣುಗಳಲ್ಲಿ ಕೂಡಿಡುವ ಸಾಧನ) ಕಟ್ಟುವವರಿಗೆ ಇದು ಕಣ್ಣುಮುಚ್ಚಿ ಕೊಳ್ಳಬಹುದಾದ ಆಯ್ಕೆ. ಒಂದೊಂದು ಕ್ವಾಂಟಮ್ ಡಾಟ್ (ಒಂಟಿ ಫೋಟಾನ್ ಸೂಸುವ ಅರೆವಾಹಕದ ಕಣ) ಒಂದೊಂದು ಬಣ್ಣಕ್ಕಿದ್ದು, 700ರಿಂದ 1000 ನ್ಯಾನೋಮೀಟರ್ ತನಕ ಅಲೆಯಬೇಕಾದವರು ಟೈಟೇನಿಯಮ್-ಸಫೈರ್ ಲೇಸರಿಗೇ ಹೋಗಲಿ.