ತಾಯಿ ಕಡೆಯ ಡಿಎನ್‌ಎ: ಅಗ್ಗದ ಕಿಟ್, ಎಚ್‌ವಿಆರ್, ಪೂರ್ತಿ ಮೈಟೊ ಮೂರನ್ನೂ ಮಾಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಅಮ್ಮ, ಅಜ್ಜಿ, ಮುತ್ತಜ್ಜಿ ಹೀಗೆ ಹೆಣ್ಣಿನ ಸಾಲು ಹಿಡಿದು ಹಿಂದಕ್ಕೆ ಹೋಗುವ ಆಸೆ ನಿಮಗಿದ್ದರೆ, ದುಡ್ಡು ಕೂಡಿಟ್ಟು ಪೂರ್ತಿ ಮೈಟೊ ಓದಿಸಿ. ಮೈಟೊ ಅಂದರೆ ಜೀವಕೋಶದೊಳಗಿನ ಮೈಟೊಕಾಂಡ್ರಿಯಾ, ಅದರ ಡಿಎನ್‌ಎ ಮಕ್ಕಳಿಗೆ ತಾಯಿಯಿಂದ ಮಾತ್ರ ಬರುತ್ತದೆ. ನಾನು ಮೂರು ದಾರಿಯಲ್ಲೂ ಹೋಗಿ ನೋಡಿದೆ. ಉತ್ತರ ಸಿಕ್ಕಿದ್ದು ಇದೊಂದರಲ್ಲೇ.

ಶುರು ಮಾಡಿದ್ದು ಅಗ್ಗದ ಕಿಟ್‌ನಿಂದ, ದೊಡ್ಡಮ್ಮನ (ಅಮ್ಮನ ಅಕ್ಕ) ಹೆಸರಲ್ಲಿ. ಅವರಿಗೆ ಎಲೆಅಡಿಕೆ ಅಭ್ಯಾಸ. ಉಗುಳುವ ಮುಂಚೆ ಅರ್ಧ ಗಂಟೆ ಬಾಯಿಗೆ ಏನೂ ಹಾಕಬಾರದು. ಬಾಯಿ ಒಣಗಿ ಟ್ಯೂಬು ಗೆರೆಯ ತನಕ ತುಂಬಲೇ ಇಲ್ಲ, ನೊರೆಯಂತೂ ಲೆಕ್ಕಕ್ಕಿಲ್ಲ. ಪಾಪ, ಕೂತು ಕೂತು ತುಂಬಿಸಿಕೊಟ್ಟರು.

ವಾರಗಟ್ಟಲೆ ಕಾದ ಮೇಲೆ ತಾಯಿಯ ಸಾಲಿನ ಜಾಗದಲ್ಲಿ ಬಂದಿದ್ದು ಒಂದೇ ಅಕ್ಷರ: ಎಂ. ತಾಯಿ ಸಾಲುಗಳನ್ನೆಲ್ಲ ಒಂದು ಮರದಂತೆ ಬರೆದರೆ, ಅದರ ಒಂದು ದೊಡ್ಡ ಗುಂಪಿನ ಹೆಸರು ಅದು.

ಭಾರತದಲ್ಲಿ ನೂರಕ್ಕೆ ಸುಮಾರು 60 ಜನ ಎಂ ಗುಂಪಿನವರೇ. ಚೀನಾ, ಜಪಾನಿನಲ್ಲೂ ಅದರ ಕೊಂಬೆಗಳು ಬೇಕಾದಷ್ಟಿವೆ. ನಿಮ್ಮ ಊರು ಯಾವುದು ಎಂದು ಕೇಳಿದರೆ ಏಷ್ಯಾ ಅಂದ ಹಾಗಾಯಿತು, ಅಲ್ವಾ? ಕಸ್ಟಮರ್ ಕೇರ್‌ಗೆ ಬರೆದೆ. ನಿಮ್ಮ ಗುಂಪು ಎಂ, ಅಭಿನಂದನೆಗಳು ಎಂದು ಉತ್ತರ ಬಂತು. ಮತ್ತೆ ಬರೆದರೆ ಅದೇ ಉತ್ತರ. ಸಿಟ್ಟು ಬರದೆ ಇರುತ್ತದೆಯೇ?

ಕೊನೆಗೆ ಕಚ್ಚಾ ಡೇಟಾ ಫೈಲನ್ನೇ ಇಳಿಸಿಕೊಂಡು ತೆರೆದೆ. ಮೈಟೊ ಡಿಎನ್‌ಎಯ 10400ನೇ ಸ್ಥಾನದ ಎದುರು ‘ಟಿ’ ಎಂದಿತ್ತು. ಎಂ ಗುಂಪಿನ ಮುಖ್ಯ ಗುರುತುಗಳಲ್ಲಿ ಅದೂ ಒಂದು, ಅಷ್ಟರಮಟ್ಟಿಗೆ ಸರಿ. ಅದರಿಂದ ಕೆಳಗಿನ ಕೊಂಬೆ ಹೇಳುವ ಸ್ಥಾನಗಳನ್ನು ಹುಡುಕಿದರೆ ಆ ಸಾಲುಗಳೇ ಫೈಲಿನಲ್ಲಿ ಇಲ್ಲ. ಇಂಥ ಕಿಟ್‌ಗಳಲ್ಲಿ ಎಂಜಲಿನ ಡಿಎನ್‌ಎಯನ್ನು ಲ್ಯಾಬಿನಲ್ಲಿ ಒಂದು ಚಿಪ್ ಮೇಲೆ ಹಾಕಿ ನೋಡುತ್ತಾರೆ. ಮುಂಚೆಯೇ ಆರಿಸಿಟ್ಟ ಜಾಗಗಳನ್ನು ಮಾತ್ರ ಅದು ನೋಡುತ್ತದೆ. ನಮ್ಮ ಕಡೆಯ ಅಪರೂಪದ ಕೊಂಬೆಯ ಗುರುತು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ನಮ್ಮ ಸಾಲು ಮೇಲಿನ ಬೊಡ್ಡೆಯಲ್ಲೇ ನಿಂತುಬಿಡುತ್ತದೆ. ಎಂಜಲು ಎಷ್ಟು ಚೆನ್ನಾಗಿದ್ದರೂ ಅಷ್ಟೇ.

ಎಚ್‌ವಿಆರ್ (ಹೈಪರ್‌ವೇರಿಯಬಲ್ ರೀಜನ್) ಪರೀಕ್ಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೈಟೊಕಾಂಡ್ರಿಯಾದ ಡಿಎನ್‌ಎ 16,569 ಅಕ್ಷರಗಳಷ್ಟು ಉದ್ದ. ಅದರಲ್ಲಿ ಬೇಗ ಬದಲಾಗುವ ಒಂದು ತುಣುಕನ್ನಷ್ಟೇ ಇದು ಓದುತ್ತದೆ. ಒಂದೇ ಬದಲಾವಣೆ ಬೇರೆ ಬೇರೆ ಕೊಂಬೆಗಳಲ್ಲಿ ತಾನಾಗಿ ಹುಟ್ಟಿರುವುದೂ ಉಂಟು, ಹಾಗಾಗಿ ನೆಚ್ಚಿಕೊಳ್ಳುವಂತಿಲ್ಲ. ನನಗೆ ಇಲ್ಲೂ ಎಂ ಎಂದೇ ಬಂತು.

ಪೂರ್ತಿ ಓದಿಸಲು ಫ್ಯಾಮಿಲಿಟ್ರೀಡಿಎನ್‌ಎ ಎಂಬ ಕಂಪನಿಯನ್ನು ಆರಿಸಿಕೊಂಡೆ. ಕೆನ್ನೆಯ ಒಳಗೆ ಕಡ್ಡಿ ಉಜ್ಜಿ ಕಳಿಸಿದರಾಯಿತು, ಉಗುಳುವ ಕಷ್ಟವಿಲ್ಲ. 16,569 ಅಕ್ಷರವನ್ನೂ ಓದುತ್ತಾರೆ. ಫಲಿತಾಂಶ: ಎಂ42ಬಿ.

ಎಷ್ಟು ಖುಷಿಯಾಯಿತೆಂದರೆ, ಆ ರಾತ್ರಿ ನಿದ್ದೆ ಬರಲಿಲ್ಲ. 2009ರಲ್ಲಿ ಆಂಥ್ರೊಪಾಲಾಜಿಕಲ್ ಸರ್ವೆ ಆಫ್ ಇಂಡಿಯಾದ ಸಂಶೋಧಕರು 26 ಬುಡಕಟ್ಟುಗಳ 966 ಜನರ ಮೈಟೊ ಓದಿದ್ದರು. ಅದರಲ್ಲಿ ಏಳೇ ಜನರಲ್ಲಿ, ಆಸ್ಟ್ರೇಲಿಯಾದ ಮೂಲನಿವಾಸಿಗಳ ಎಂ42 ಜೊತೆ ಹಂಚಿಕೊಂಡ ಎರಡು ಬದಲಾವಣೆಗಳು ಸಿಕ್ಕವು. ಎರಡೂ ಇರುವುದು ಪ್ರೋಟೀನ್ ಮಾಡುವ ಜೀನ್‌ಗಳಲ್ಲಿ. ಎಚ್‌ವಿಆರ್ ಆ ಭಾಗವನ್ನು ಮುಟ್ಟುವುದೇ ಇಲ್ಲ, ಇನ್ನು ಕಾಣುವುದೆಲ್ಲಿಂದ? ಅಲ್ಲಿನ ಕೊಂಬೆ ಎಂ42ಎ, ಇಲ್ಲಿನದು ಎಂ42ಬಿ. ಎರಡೂ ಕವಲೊಡೆದು ಸುಮಾರು 55 ಸಾವಿರ ವರ್ಷ ಆಗಿರಬೇಕು ಎಂದು ಅವರ ಲೆಕ್ಕ. ಇಂಥ ಲೆಕ್ಕದಲ್ಲಿ ಸಾವಿರಾರು ವರ್ಷ ಆಚೀಚೆ ಆಗುತ್ತದೆ.

ಹಾಗಂತ ನಾವು ಆಸ್ಟ್ರೇಲಿಯಾದಿಂದ ಬಂದವರಲ್ಲ. ಆಫ್ರಿಕಾ ಬಿಟ್ಟು ದಕ್ಷಿಣ ಏಷ್ಯಾ ಹಾದು ಹೋದವರಲ್ಲಿ ಕೆಲವರು ಮುಂದೆ ನಡೆದರು, ಕೆಲವರು ಇಲ್ಲೇ ಉಳಿದರು. ಇನ್ನೊಂದು ಮಾತು: ಹತ್ತು ತಲೆಮಾರು ಹಿಂದೆ ಹೋದರೆ ನಮಗೆ 1,024 ಪೂರ್ವಜರ ಜಾಗ. ಈ ಪರೀಕ್ಷೆ ಮಾತಾಡುವುದು ಅವರಲ್ಲಿ ಒಬ್ಬಳೇ ಅಜ್ಜಿಯ ಬಗ್ಗೆ. ಇದನ್ನು ಹಿಡಿದು ಸುಮ್ನೆ ಜಾತಿ ಲೆಕ್ಕ ಹಾಕಬೇಡಿ.

ಕೊರತೆ ಇಲ್ಲವೆಂದಲ್ಲ. ನನಗೆ ನಿಖರ ಮ್ಯಾಚ್ (ಅಕ್ಷರಕ್ಕೆ ಅಕ್ಷರ ಹೊಂದುವ ಇನ್ನೊಬ್ಬರು) ಒಂದೂ ಇಲ್ಲ, ನಮ್ಮವರು ಮಾಡಿಸಿದ್ದೇ ಕಮ್ಮಿ. ಆದರೆ ಪೂರ್ತಿ ಅಕ್ಷರಗಳ ಫಾಸ್ಟಾ ಫೈಲು ಕೈಯಲ್ಲಿದೆ. ಅದನ್ನು ಹ್ಯಾಪ್ಲೊಗ್ರೆಪ್ ಎಂಬ ಉಚಿತ ತಾಣಕ್ಕೆ ಹಾಕಿದರೆ ಕೊಂಬೆಯ ಹೆಸರೂ ಬರುತ್ತದೆ, ಯಾವ ಕೊಂಬೆಗೂ ಸೇರದೆ ಉಳಿದ ಬದಲಾವಣೆಗಳ ಪಟ್ಟಿಯೂ ಬರುತ್ತದೆ. ಕೆಲವು ಕಾಯಿಲೆಗಳ ಗುರುತೂ ಮೈಟೊದಲ್ಲಿ ಇರಬಹುದು. ಫೈಲು ಯಾರಿಗಾದರೂ ಕೊಡುವ ಮುಂಚೆ ಮನೆಯವರನ್ನು ಕೇಳಿ.

ದುಬಾರಿ ಅನ್ನುವವರಿಗೆ ನನ್ನ ಲೆಕ್ಕ ಇದು. ಅಮ್ಮ, ದೊಡ್ಡಮ್ಮ, ಚಿಕ್ಕಮ್ಮ, ಅಕ್ಕತಂಗಿ, ಅಣ್ಣತಮ್ಮ ಎಲ್ಲರದೂ ಒಂದೇ ಸಾಲು. ಒಬ್ಬರು ಮಾಡಿಸಿದರೆ ಮನೆಮಂದಿಗೆಲ್ಲ ಆಯಿತು, ಖರ್ಚು ಹಂಚಿಕೊಳ್ಳಿ. ದೂರದ ನೆಂಟರನ್ನು ಹುಡುಕಬೇಕು ಅನ್ನುವವರಿಗೆ ಅಗ್ಗದ ಕಿಟ್ಟೇ ಸರಿ. ನಾನು ಈಗ ಅಪ್ಪನ ಅಮ್ಮನ ಸಾಲಿಗೆ ದುಡ್ಡು ಕೂಡಿಡುತ್ತಿದ್ದೇನೆ. ಅದಕ್ಕೆ ಕೆನ್ನೆಗೆ ಕಡ್ಡಿ ಉಜ್ಜಬೇಕಾದವರು ನನ್ನ ಸೋದರತ್ತೆ, ಅವರು ಒಪ್ಪಿದ್ದಾರೆ.