ಮನೆ ಬೇಲಿಗೆ ಪ್ರಿವೆಟ್ಟಾ, ಕಾಮಿನಿನಾ, ದಾಸವಾಳಾನಾ?

ವರ್ಷವಿಡೀ ಹಸಿರಾಗಿರಬೇಕು, ಬೇಗ ದಟ್ಟವಾಗಬೇಕು ಅಂದರೆ ಪ್ರಿವೆಟ್ಟನ್ನು ಮೀರಿಸುವುದು ಕಷ್ಟ. ಮಲ್ಲಿಗೆ ಕುಟುಂಬದ ಗಿಡ. ಅರೆನೆರಳಿನಲ್ಲೂ ಬೆಳೆಯುತ್ತದೆ, ಎಷ್ಟು ಕತ್ತರಿಸಿದರೂ ಚಿಗುರುತ್ತದೆ.

ತಲೆನೋವೂ ಅದೇ. ವರ್ಷಕ್ಕೆ ಎರಡು ಮೂರು ಸಲ ಕತ್ತರಿ ಹಾಕಲೇಬೇಕು, ಕಾಫಿ ಕುಯ್ಲಿನ ಸಮಯದಲ್ಲಿ ಮಡಿಕೇರಿ ಕಡೆ ಅದಕ್ಕೆ ಆಳು ಎಲ್ಲಿ ಸಿಗುತ್ತಾರೆ ಹೇಳಿ! ನೀರು ನಿಲ್ಲುವ ಜಾಗದಲ್ಲಿ ಬೇರು ಕೊಳೆಯುತ್ತದೆ. ಹೂವಿನ ಘಾಟು ವಾಸನೆ ಕೆಲವರಿಗೆ ಆಗೋದೇ ಇಲ್ಲ. ಎಲೆ, ಹಣ್ಣು ಎರಡೂ ವಿಷ, ಚಿಕ್ಕ ಮಕ್ಕಳೋ ದನವೋ ಇದ್ದರೆ ಯೋಚಿಸಿ.

ಆದರೆ ಅದರ ಕಪ್ಪು ಹಣ್ಣು ಹಕ್ಕಿಗಳಿಗೆ ಬಲು ಇಷ್ಟ. ಶ್ರೀಲಂಕಾದ ಒಂದು ಪ್ರಿವೆಟ್ ಮಾರಿಷಸ್, ರಿಯೂನಿಯನ್ ದ್ವೀಪಗಳ ಕಾಡನ್ನೇ ನುಂಗುತ್ತಿದೆ. ಅಲ್ಲಿ ಅದರ ಬೀಜ ಹರಡುವುದು ಕೆಮ್ಮೀಸೆ ಪಿಕಳಾರ, ನಮ್ಮ ತೋಟದಲ್ಲಿ ಬೆಳಗ್ಗೆಯಿಂದ ಗಲಾಟೆ ಮಾಡುವ ಅದೇ ಜುಟ್ಟಿನ ಹಕ್ಕಿ. ಪಕ್ಕದಲ್ಲೇ ದೇವರಕಾಡು ಇರುವವರು ಹೊರಗಿನ ಪ್ರಿವೆಟ್ ತಂದು ನೆಡುವುದು ನನಗಂತೂ ಸರಿ ಕಾಣುವುದಿಲ್ಲ. ಹಾಕಿಯೇ ಹಾಕುತ್ತೀರಾದರೆ ಹೂ ಬಿಡುವ ಮೊದಲೇ ಸವರಿಬಿಡಿ.

ಕಾಮಿನಿ, ಅಂದರೆ ಬಿಳಿ ಹೂವಿನ ಮುರಾಯ ಗಿಡ, ಬೆಳೆಯುವುದು ನಿಧಾನ, ಆದರೆ ಚೆಂದ. ಹೂವಿನ ಪರಿಮಳಕ್ಕೇ ನೆಡಬಹುದು. ಆದರೆ ತೋಟದಲ್ಲಿ ಕಿತ್ತಳೆ ಇದ್ದರೆ ಬೇಡವೇ ಬೇಡ. ಕಿತ್ತಳೆ ಗಿಡವನ್ನು ಸೊರಗಿಸುವ ಗ್ರೀನಿಂಗ್ ರೋಗ ತರುವ ಸಿಲ್ಲಿಡ್ ಎಂಬ ರಸ ಹೀರುವ ಪುಟ್ಟ ಕೀಟಕ್ಕೆ ಕಾಮಿನಿಯ ಚಿಗುರು ಅಂದರೆ ಪ್ರಾಣ.

ನನ್ನ ಓಟು ದಾಸವಾಳಕ್ಕೆ. ಪ್ರಿವೆಟ್ಟಿನಷ್ಟು ಅಚ್ಚುಕಟ್ಟಾಗಿ ನಿಲ್ಲಲ್ಲ, ನಿಜ. ಆದರೆ ಬೀಜ ಕಟ್ಟೋದು ಅಪರೂಪ, ಪೂಜೆಗೂ ಹೂವಾಯಿತು. ಜೂನ್ ಮಳೆ ಹಿಡಿದಾಗ ಪೆನ್ಸಿಲ್ ದಪ್ಪದ ಕಡ್ಡಿ ಚುಚ್ಚಿದರೆ ಸಾಕು. ಬೇಸಿಗೆಯಲ್ಲಿ ಬಿಳಿ ಹಿಟ್ಟುತಿಗಣೆ ಬಂದರೆ ಬೇವಿನೆಣ್ಣೆಗೆ ಸ್ವಲ್ಪ ಸೋಪು ನೀರು ಸೇರಿಸಿ ಹೊಡೆಯಿರಿ.